ಕತ್ತಿಯಿಲ್ಲದ ಚಿಕಿತ್ಸೆಯ ಕಥೆ

ಹೃದಯದಿಂದ ಹೊರಡುವ ಮಹಾಪಧಮನಿ ಹಿಗ್ಗಿದರೆ ಏನು ಮಾಡಬೇಕು? ಇಟಲಿಯ ಬೊಲೋನಿಯಾದ ವೈದ್ಯ ಆಂಟೋನಿಯೋ ವಲ್ಸಾಲ್ವಾ (1666–1723) ಇಂಥ ರೋಗಿಗಳನ್ನು ಬಹುದಿನ ಹಾಸಿಗೆಯಲ್ಲೇ ಮಲಗಿಸಿ, ಊಟ ತೀರಾ ಇಳಿಸಿ, ಮೇಲಿಂದ ಮೇಲೆ ರಕ್ತ ತೆಗೆಯುತ್ತಿದ್ದ. ಕ್ರೂರ ಚಿಕಿತ್ಸೆಯೇ ಸರಿ. ಆದರೆ ಅದರ ಹಿಂದಿನ ತರ್ಕಕ್ಕೆ ನಗುವಂತಿಲ್ಲ. ನಾಳದ ಗೋಡೆಯನ್ನು ಸರಿಪಡಿಸಲಾಗದಿದ್ದರೆ ಅದರ ಮೇಲಿನ ಒತ್ತಡವನ್ನಾದರೂ ಇಳಿಸಬೇಕು. ಅವನ ಕಾಲಕ್ಕೆ ಇಲ್ಲದ್ದು ಅದನ್ನು ಇಳಿಸುವ ಔಷಧಿ.

ಅದು ಸಿಕ್ಕಿದ್ದು ನಮ್ಮ ದೇಶದಲ್ಲಿ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರನ್ನು ನಾಡವೈದ್ಯರು ಹಾವಿನ ಕಡಿತಕ್ಕೆ, ಬುದ್ಧಿಭ್ರಮಣೆಗೆ ಕೊಡುತ್ತಿದ್ದರು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದು ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. ಹೊರಜಗತ್ತು ಕಿವಿಗೊಟ್ಟದ್ದು ಮಾತ್ರ 1949ರಲ್ಲಿ, ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರ ಲೇಖನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬಂದ ಮೇಲೆ. ನಡುವೆ ಹದಿನೆಂಟು ವರ್ಷ! 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು.

1965ರಲ್ಲಿ ಅಮೆರಿಕದ ಫ್ಲಾರಿಡಾದ ಶಸ್ತ್ರವೈದ್ಯ ಮೈರನ್ ವೀಟ್ ಮತ್ತು ಸಂಗಡಿಗರು ಮಹಾಪಧಮನಿ ಸೀಳಿದ ರೋಗಿಗಳನ್ನು ಔಷಧಿಯಿಂದಲೇ ಉಪಚರಿಸಿದ್ದನ್ನು ಪ್ರಕಟಿಸಿದರು. ಆ ಔಷಧಿಗಳಲ್ಲಿ ರಿಸರ್ಪಿನ್ನೂ ಒಂದು. ಒತ್ತಡದಷ್ಟೇ ಹೃದಯ ರಕ್ತವನ್ನು ತಳ್ಳುವ ರಭಸವೂ ಮುಖ್ಯ ಎಂಬುದು ಅವರ ವಾದ. ಕತ್ತಿ ಹಿಡಿಯುವವರೇ ಹೀಗೆಂದದ್ದು ನನಗೆ ಬಹಳ ಹಿಡಿಸಿದ ಸಂಗತಿ. ಮುಂದೆ ಮನಸ್ಸನ್ನು ಕುಗ್ಗಿಸುವ ರಿಸರ್ಪಿನ್ ಹಿಂದೆ ಸರಿದು, ಬೀಟಾ ಬ್ಲಾಕರ್ ಮಾತ್ರೆಗಳು ಬಂದವು.

ಆಲಮೇಲದ ನಮ್ಮ ಕಾಕಾ ಈಗ ನುಂಗುತ್ತಿರುವುದೂ ಅದೇ ಮಾತ್ರೆ. ಅವರ ಮಹಾಪಧಮನಿ 4.3 ಸೆಂ.ಮೀ. ಆಗಿದೆ; ಶಸ್ತ್ರಕ್ರಿಯೆಯ ಮಾತು ಸಾಮಾನ್ಯವಾಗಿ 5ರಿಂದ 5.5ರ ಹೊತ್ತಿಗೆ ಬರುತ್ತದೆ, ಮಾರ್ಫಾನ್‌ನಂಥ ವಂಶಪಾರಂಪರ್ಯದ ತೊಂದರೆಯಿದ್ದರೆ ಇನ್ನೂ ಮೊದಲು. ತಂಬಾಕು ಬಿಟ್ಟಿದ್ದಾರೆ. ಗೊಬ್ಬರದ ಚೀಲ ಎತ್ತುವುದಿಲ್ಲ. ಬೆಳಿಗ್ಗೆ ಹೊಲದ ತನಕ ನಡೆಯುತ್ತಾರೆ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತಂತೆ.

"ಬ್ಯಾನಿನೇ ಇಲ್ಲ, ಗುಳಿಗಿ ಯಾಕೋ?" ಎಂದು ಕಟ್ಟೆಯ ಗೆಳೆಯರು ಕೇಳುತ್ತಾರೆ. ಹಿಗ್ಗಿದ ನಾಳ ಸಾಮಾನ್ಯವಾಗಿ ನೋಯುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಮಾತ್ರೆ ಹಿಗ್ಗಿದ್ದನ್ನು ಕುಗ್ಗಿಸುವುದಿಲ್ಲ, ಗೋಡೆಯ ಮೇಲಿನ ಹೊರೆಯನ್ನು ಇಳಿಸುತ್ತದೆ. ಎಷ್ಟು ಹಿಗ್ಗಿತೆಂದು ತಿಳಿಯಲು ಸ್ಕ್ಯಾನೇ ಆಗಬೇಕು. ಸರ್ಪಗಂಧದ ಬೇರು ತೇಯ್ದು ಕುಡಿ ಎಂದವರೂ ಇದ್ದಾರೆ. ಆದರೆ ಒಂದು ಬೇರಿನಲ್ಲಿದ್ದಷ್ಟು ಸತ್ವ ಇನ್ನೊಂದರಲ್ಲಿ ಇರುವುದಿಲ್ಲ. ಎದೆ, ಬೆನ್ನು ಸೀಳಿದಂತೆ ಹಠಾತ್ ನೋವು ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕೆಂದು ಡಾಕ್ಟರು ಹೇಳಿದ್ದರಿಂದ, ಕಾಕು ಗಾಡಿಯವನ ನಂಬರನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟಿದ್ದಾರೆ.