ಮಡಕೆ ತಟ್ಟಿ ನೋಡಿದ ಮೇಷ್ಟ್ರು

ಹನೂರು ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಬೆರಳುಗಂಟಿನಿಂದ ತಟ್ಟಿ, ಕಿವಿಗೊಟ್ಟು ಕೇಳೋಳು. ಕಣ್ಣಿಗೆ ಕಾಣದ ಬಿರುಕನ್ನ ಸದ್ದು ಹೇಳುತ್ತೆ ಅನ್ನೋದು ಅವಳ ಲೆಕ್ಕ. ಕಪ್ಪುರಂಧ್ರವನ್ನ ಹೀಗೆ ತಟ್ಟಿ ನೋಡಿದವರು ಸಿ.ವಿ. ವಿಶ್ವೇಶ್ವರ.

ಹುಟ್ಟಿದ್ದು 1938ರಲ್ಲಿ, ಬೆಂಗಳೂರಲ್ಲಿ. ತಂದೆ ಸಾಹಿತಿ ಸಿ.ಕೆ. ವೆಂಕಟರಾಮಯ್ಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1958ಕ್ಕೆ ಬಿ.ಎಸ್ಸಿ. ಆನರ್ಸ್, ಮರುವರ್ಷ ಎಂ.ಎಸ್ಸಿ. (ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದಿತ್ತು. ಯಳಂದೂರಿನವರು ಮೊದಲಿಂದ್ಲೂ ಮೈಸೂರಿನವರೇ. ಆ ಜಂಬ ಈಗ್ಲೂ ಇದೆ.) ಆಮೇಲೆ ಅಮೆರಿಕದ ಕೊಲಂಬಿಯಾ, ಅಲ್ಲಿಂದ ಮೇರಿಲ್ಯಾಂಡ್. ಚಾರ್ಲ್ಸ್ ಮಿಸ್ನರ್ ಮಾರ್ಗದರ್ಶನದಲ್ಲಿ 1968ರಲ್ಲಿ ಪಿಎಚ್.ಡಿ.

ಆಗಿನ ಪ್ರಶ್ನೆ ಇಷ್ಟೇ: ಕಪ್ಪುರಂಧ್ರವನ್ನ ಸ್ವಲ್ಪ ಅಲುಗಿಸಿದರೆ ಚದುರಿಹೋಗುತ್ತಾ, ನಿಲ್ಲುತ್ತಾ? ಸುತ್ತದೇ ಇರುವ ಕಪ್ಪುರಂಧ್ರ ನಿಲ್ಲುತ್ತೆ ಅಂತ ಗಣಿತದಲ್ಲಿ ತೋರಿಸಿದರು. ನಿಲ್ಲೋದಾದರೆ ಅದು ಇದೆ ಅಂತ ಗೊತ್ತಾಗೋದು ಹೇಗೆ? ಕಂಪ್ಯೂಟರ್ ಲೆಕ್ಕದಲ್ಲಿ ಅದರ ಮೇಲೆ ಗುರುತ್ವ ಅಲೆಗಳನ್ನ ಎಸೆದರು. ಅಗಲದ ಅಲೆಗಳು ಹೆಚ್ಚೇನೂ ಬದಲಾಗದೆ ವಾಪಸ್ ಬಂದವು. ಕಪ್ಪುರಂಧ್ರದಷ್ಟೇ ಸಣ್ಣ ಅಲೆ ಎಸೆದಾಗ ಮಾತ್ರ ಬೇರೆಯದೇ ಉತ್ತರ: ಒಂದಷ್ಟು ಕಂಪಿಸಿ, ಬೇಗ ಅಡಗಿಹೋಗುವ ನಾದ. ಯಾವುದರಿಂದ ತಟ್ಟಿದಿರಿ ಅನ್ನೋದು ಲೆಕ್ಕಕ್ಕಿಲ್ಲ, ಸದ್ದು ಮಡಕೆಯದೇ. ದ್ರವ್ಯರಾಶಿ ಹೆಚ್ಚಿದಷ್ಟೂ ದನಿ ತಗ್ಗು. 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಅಚ್ಚಾಯ್ತು. ಆಗಿನ್ನೂ ಆಕಾಶದಲ್ಲಿ ಒಂದೇ ಒಂದು ಕಪ್ಪುರಂಧ್ರವೂ ಖಚಿತವಾಗಿ ಸಿಕ್ಕಿರಲಿಲ್ಲ. ಓಡಿಸೋಕೆ ಮೆಷಿನ್ನೇ ಇಲ್ಲದಾಗ ಕೋಡ್ ಬರೆದಿಟ್ಟ ಹಾಗೆ.

1976ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಮರಳಿದರು. 1989ರಲ್ಲಿ ಶುರುವಾದ ನೆಹರು ತಾರಾಲಯಕ್ಕೆ ಅವರೇ ಸ್ಥಾಪಕ ನಿರ್ದೇಶಕರು. ನಮ್ಮ ಹೈಸ್ಕೂಲ್ ಟೂರ್ ಬಸ್ಸೂ ಅಲ್ಲಿಗೆ ಹೋಗಿತ್ತು. ದೀಪ ಆರಿದ ತಕ್ಷಣ ಅರ್ಧ ಜನ ನಿದ್ದೆ, ನಾನು ಎದ್ದಿದ್ದೆ. ಪಿಯುಸಿ ಆದ್ಮೇಲೆ ಬಿ.ಎಸ್ಸಿ. ಮಾಡ್ತೀನಿ ಅಂದ್ರೆ ಮಾವ, "ಬರೀ ಫಿಸಿಕ್ಸ್ ಓದಿ ಏನ್ಲಾ ಮಾಡೀಯೆ?" ಅಂದ್ರು. ಬಿಇ ಸೇರಿದೆ. ತಪ್ಪು ಅಂತಲ್ಲ, ಮನೆಯ ರೇಷ್ಮೆ ಸಾಲ ತೀರಿದ್ದು ಆ ಸಂಬಳದಿಂದ್ಲೇ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಎರಡು ಕಪ್ಪುರಂಧ್ರಗಳು ಒಂದಾದ ಅಲೆ ಸಿಕ್ಕಿತು. ಅದರ ಕೊನೆಯಲ್ಲಿ ಅದೇ ಅಡಗುವ ನಾದ. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದ ದಿನ ಆಫೀಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಆ ಸದ್ದನ್ನ ಎಷ್ಟು ಸಲ ಕೇಳಿದೆನೋ. ವಿಶ್ವೇಶ್ವರ ಅವರ ಹೆಸರು ನನಗೆ ಗೊತ್ತಾಗಿದ್ದೇ ಆ ವಾರ. ಅವರೂ ಆ ಸುದ್ದಿ ಕೇಳಿದರು, 45 ವರ್ಷ ಕಾದು. 2017ರ ಅಕ್ಟೋಬರಿನಲ್ಲಿ ಲೈಗೋದವರಿಗೆ ನೊಬೆಲ್ ಬಂತು. ಅದೇ ವರ್ಷ ಜನವರಿ 16ರಂದು ವಿಶ್ವೇಶ್ವರ ತೀರಿಕೊಂಡಿದ್ದರು.