ಓದು ಬಾರದ ರೋಗಿಗೆ ಆರೋಗ್ಯ ಮಾಹಿತಿ

ಓದು ಬಾರದ, ಅಥವಾ ಅಲ್ಪಸ್ವಲ್ಪ ಮಾತ್ರ ಓದಬಲ್ಲ ರೋಗಿಗಳಿಗೆ ಚಿತ್ರ, ಬಣ್ಣ ಹಾಗೂ ಮಾತಿನ ಮೂಲಕ ಚಿಕಿತ್ಸೆಯ ವಿವರ ತಲುಪಿಸುವ ಸಾಮಗ್ರಿಗಳಿವು. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 74. ಮಹಿಳೆಯರಲ್ಲಿ ಇನ್ನೂ ಕಡಿಮೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ತೊಡಕು ಅಕ್ಷರದ್ದಷ್ಟೇ ಅಲ್ಲ. ಆಂಧ್ರದ ಗಡಿಗೆ ಹೊಂದಿದ ಈ ಸೀಮೆಯ ಅನೇಕ ಮನೆಗಳ ಮಾತು ತೆಲುಗು. ಅಲ್ಲಿ ಗ್ರಾಂಥಿಕ ಕನ್ನಡದ ಕರಪತ್ರ ಓದಿ ಹೇಳಿದರೂ ಅರ್ಥವಾಗುವುದು ಕಷ್ಟ.

ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್ ಪುಡಿಯನ್ನೇ ನೋಡಿ. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕರಗಿಸಬೇಕು. ಒಂದೇ ಲೋಟಕ್ಕೆ ಸುರಿದರೆ ರಕ್ತದಲ್ಲಿ ಉಪ್ಪಿನಂಶ ಏರಿ ಮಗುವಿನ ಪ್ರಾಣಕ್ಕೇ ಅಪಾಯ. ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳಿಗಿಂತ ಮನೆಯಲ್ಲಿರುವ ಲೀಟರ್ ಬಾಟಲಿ ತೋರಿಸಿ ಹೇಳುವುದೇ ಮೇಲು.

ಅಂಗನವಾಡಿಗಳಲ್ಲಿ ಮಗುವಿನ ತೋಳು ಅಳೆಯುವ ಪಟ್ಟಿ ಇನ್ನೂ ಸರಳ: 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, 12.5ರವರೆಗೆ ಹಳದಿ, ಮುಂದೆ ಹಸಿರು. ಕಬ್ಬಿಣಾಂಶದ ಮಾತ್ರೆಗಳಿಗೂ ಬಣ್ಣವಿದೆ. ಹದಿಹರೆಯದವರಿಗೆ ನೀಲಿ, ಗರ್ಭಿಣಿಯರಿಗೆ ಕೆಂಪು.

ಚಿತ್ರವಿದ್ದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ಮಾತ್ರ ಪಟ್ಟಣದವರ ಭ್ರಮೆ. ಚಿತ್ರಗಳನ್ನು ಎಡದಿಂದ ಬಲಕ್ಕೆ ನೋಡುವುದು ಓದಿನಿಂದ ಬಂದ ರೂಢಿ. ಗುಳಿಗೆಯ ಪಕ್ಕದ ಸೂರ್ಯ ಬೆಳಗಿನದೋ ಮಧ್ಯಾಹ್ನದ್ದೋ ಎಂಬ ಗೊಂದಲವೂ ಸಹಜ. ಆದ್ದರಿಂದ ಮುದ್ರಣಕ್ಕೆ ಮುನ್ನ ಅಂಥವರಿಗೇ ತೋರಿಸಿ ಪರೀಕ್ಷಿಸಬೇಕು. ಔಷಧ ಕೊಡುವಾಗ ‘ತಿಳಿಯಿತೇ?’ ಎಂದರೆ ಬಹುತೇಕರು ತಲೆಯಾಡಿಸುತ್ತಾರೆ. ‘ಮನೆಗೆ ಹೋಗಿ ಹೇಗೆ ಕೊಡುತ್ತೀರಮ್ಮ, ಹೇಳಿ’ ಎಂದು ಕೇಳಿದಾಗಲೇ ತಪ್ಪು ಹೊರಬೀಳುವುದು.