ಮಾದರಿಗಳಿಗೊಂದು ಮಾದರಿ

ಮಹಾಸಂಸ್ಥೆಯೊಂದರ ಸಮಸ್ತ ವ್ಯವಹಾರವನ್ನು ರೇಖೆಗಳಲ್ಲಿ ಬರೆದು ತೋರಿಸಬೇಕೆಂಬ ಆಶಯವು, ಗಣಕಯಂತ್ರಗಳು ಕಛೇರಿಗಳನ್ನು ಪ್ರವೇಶಿಸಿದ ತರುವಾಯ, ಒಂದು ಶಾಸ್ತ್ರವಾಗಿ ಬೆಳೆಯಿತು. ಚಾರ್ಲ್ಸ್ ಬಾಕ್‌ಮನ್ ಅವರು 1969ರಲ್ಲಿ ದತ್ತಾಂಶಗಳ ಪರಸ್ಪರ ಸಂಬಂಧವನ್ನು ಚೌಕಗಳಿಂದಲೂ ಬಾಣಗಳಿಂದಲೂ ಚಿತ್ರಿಸುವ ಕ್ರಮವನ್ನು ಪ್ರಕಟಿಸಿದರು. 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಅವರು ದತ್ತಾಂಶಗಳ ನಿರೂಪಣೆಗೆ ಗಣಿತದ ಅಡಿಪಾಯವನ್ನು ಹಾಕಿದರು. 1976ರಲ್ಲಿ ಪೀಟರ್ ಚೆನ್ ಅವರು, ಯಂತ್ರವು ದತ್ತಾಂಶವನ್ನು ಹೇಗೆ ಶೇಖರಿಸುವುದೆಂಬ ಚಿಂತೆಯನ್ನು ಬದಿಗಿರಿಸಿ, ವ್ಯವಹಾರದಲ್ಲಿರುವ ವಸ್ತುಗಳಾವುವು, ಅವುಗಳೊಳಗಣ ಸಂಬಂಧಗಳಾವುವು ಎಂಬುದನ್ನೇ ಮುಂದಿಟ್ಟುಕೊಂಡ ಪದ್ಧತಿಯೊಂದನ್ನು ನಿರೂಪಿಸಿದರು.

ಆದರೆ ಸಂಕೀರ್ಣತೆಯನ್ನು ಹತೋಟಿಗೆ ತರಲು ಹುಟ್ಟಿದ ಚಿತ್ರಗಳೇ ಬರಬರುತ್ತ ಹೊಸದೊಂದು ಸಂಕೀರ್ಣತೆಗೆ ಕಾರಣವಾದವು. 1987ರಲ್ಲಿ ಜಾನ್ ಝಾಕ್‌ಮನ್ ಅವರು, ಒಂದೇ ಕಟ್ಟಡಕ್ಕೆ ಒಡೆಯನ ನಕ್ಷೆ, ವಾಸ್ತುಶಿಲ್ಪಿಯ ನಕ್ಷೆ, ಕಟ್ಟುವವನ ನಕ್ಷೆ ಎಂದು ಬೇರೆಬೇರೆ ಇರುವಂತೆ ಸಂಸ್ಥೆಗೂ ಹಲವು ನೋಟಗಳಿರುವುದು ಸಹಜವೆಂದು ತೋರಿಸಿ, ಅವೆಲ್ಲಕ್ಕೂ ಒಂದು ಚೌಕಟ್ಟನ್ನು ಒದಗಿಸಿದರು. ಆದರೂ ಒಬ್ಬರ ಬಾಣವು ಸರಕಿನ ಚಲನೆಯನ್ನು ಸೂಚಿಸಿದರೆ ಇನ್ನೊಬ್ಬರ ಬಾಣವು ಅಧಿಕಾರದ ಕ್ರಮವನ್ನು ಸೂಚಿಸುವ ಗೊಂದಲವು ನೀಗಲಿಲ್ಲ. ಚಿತ್ರಿಸುವ ಪದ್ಧತಿಗಳು ಹೆಚ್ಚಿದಷ್ಟೂ ಅದು ಬಲವಾಯಿತು.

ಇದಕ್ಕೆ ಕಂಡುಕೊಂಡ ಪರಿಹಾರವೇ ಮೆಟಾಮಾಡೆಲ್: ಮಾದರಿಯೊಂದರಲ್ಲಿ ಯಾವ ಬಗೆಯ ವಸ್ತುಗಳು ಬರಬಹುದು, ಯಾವುದನ್ನು ಯಾವುದರೊಡನೆ ಕೂಡಿಸಬಹುದು ಎಂದು ವಿಧಿಸುವ ಮೇಲಣ ಮಾದರಿ. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಸಂಸ್ಥೆಯು ಯು.ಎಂ.ಎಲ್. ಎಂಬ ಚಿತ್ರಭಾಷೆಯನ್ನೂ ಅಂತಹ ಭಾಷೆಗಳನ್ನು ನಿರೂಪಿಸುವ ಎಂ.ಒ.ಎಫ್. ಎಂಬ ಮಾನಕವನ್ನೂ ಅಂಗೀಕರಿಸಿದಾಗ ಈ ವಿಚಾರವು ನಾಲ್ಕು ಸ್ತರಗಳಲ್ಲಿ ಸ್ಥಿರಗೊಂಡಿತು. ಬ್ಯಾಂಕಿಗೆ ಬಂದು ನಿಂತ ವ್ಯಕ್ತಿ ಮೊದಲನೆಯ ಸ್ತರ. ‘ಖಾತೆದಾರ’ ಎಂಬ ವರ್ಗ ಎರಡನೆಯದು. ವರ್ಗವೆಂದರೇನೆಂಬ ನಿರೂಪಣೆ ಮೂರನೆಯದು. ಅಂತಹ ನಿರೂಪಣೆಗಳನ್ನು ರಚಿಸುವ ವಿಧಾನ ನಾಲ್ಕನೆಯದು. ಈ ಕೊನೆಯದು ತನ್ನನ್ನು ತಾನೇ ನಿರೂಪಿಸಿಕೊಳ್ಳುವುದರಿಂದ, ಅದರಾಚೆಗೆ ಮತ್ತೊಂದನ್ನು ಹುಡುಕಬೇಕಾಗಿಲ್ಲ.

ಇದೇ ತತ್ತ್ವವು ಆಡಳಿತಕ್ಕೆ ನೇರವಾಗಿ ಒದಗಿದುದು ನೆದರ್ಲೆಂಡ್ಸಿನಲ್ಲಿ. ಅಲ್ಲಿ 2002ರಿಂದ 2004ರವರೆಗೆ ಸಂಶೋಧಕರು ಬ್ಯಾಂಕು, ಪಿಂಚಣಿ ನಿಧಿ, ತೆರಿಗೆ ಇಲಾಖೆಗಳೊಡಗೂಡಿ ಆರ್ಕಿಮೇಟ್ ಎಂಬ ಭಾಷೆಯನ್ನು ರೂಪಿಸಿದರು. 2009ರಲ್ಲಿ ಅದು ದಿ ಓಪನ್ ಗ್ರೂಪ್ ಎಂಬ ಸಂಸ್ಥೆಯ ಮಾನಕವಾಯಿತು. ವ್ಯವಹಾರ, ತಂತ್ರಾಂಶ, ಯಂತ್ರಸಾಮಗ್ರಿ ಈ ಮೂರನ್ನೂ ಒಂದೇ ಮೆಟಾಮಾಡೆಲ್ ಬಂಧಿಸಿರುವುದರಿಂದ, ಯಾವುದೊಂದು ಯಂತ್ರವು ನಿಂತರೆ ಪ್ರಜೆಗೆ ಸಲ್ಲಬೇಕಾದ ಯಾವ ಸೇವೆ ನಿಲ್ಲುವುದೆಂಬುದನ್ನು ಸಂಬಂಧಗಳ ಜಾಡು ಹಿಡಿದೇ ಅರಿಯಬಹುದು.

ಮೆಟಾಮಾಡೆಲ್ ಸಂಸ್ಥೆಯ ಸಂಕೀರ್ಣತೆಯನ್ನು ಕುಗ್ಗಿಸುವುದಿಲ್ಲ. ಅದನ್ನು ಕುರಿತು ಹಲವರು ಕೂಡಿ ವಿಚಾರಮಾಡುವುದನ್ನು ಸಾಧ್ಯವಾಗಿಸುತ್ತದೆ. ಖಾತೆದಾರನೆಂದರೆ ಯಾರು ಎಂಬುದನ್ನು ಯಾವ ಸ್ತರವೂ ತಾನಾಗಿ ತೀರ್ಮಾನಿಸದು. ಆ ಒಪ್ಪಂದಕ್ಕೆ ಬರಬೇಕಾದವರು ಆಯಾ ವಿಭಾಗದ ಜನರೇ, ಹಾಗೂ ಆ ಒಪ್ಪಂದವಿಲ್ಲದೆ ಎಷ್ಟು ಚಿತ್ರಗಳನ್ನು ಬರೆದರೂ ಸಂಸ್ಥೆಯು ತನ್ನನ್ನು ತಾನು ಅರಿಯಲಾರದು.